ಕಪಾಲಸ್ಥಳವೂ ದ್ವೀಪವೂ: ಗುರುಮಠದಲ್ಲಿ ಕನ್ನಡ ಸಾಹಿತ್ಯದ ಓದು

ಶಿಕ್ಷಣದಲ್ಲಿ ಸಾಹಿತ್ಯಕ್ಕಿರುವ ಪಾತ್ರವನ್ನು ಕುರಿತು ಪೋಪ್ ಫ್ರಾನ್ಸಿಸ್ ಅವರು 2024ರ ಜುಲೈ 17ರಂದು ಬರೆದ ಪತ್ರವನ್ನು ನಮ್ಮ ಗುರುಮಠಗಳು ಆದರದಿಂದ ಬರಮಾಡಿಕೊಂಡವು. ಯಾಜಕರ ಶಿಕ್ಷಣವನ್ನಷ್ಟೇ ಗಮನದಲ್ಲಿಟ್ಟು ಬರೆಯಲು ಹೊರಟ ಪತ್ರವನ್ನು ಆಮೇಲೆ ಸಕಲ ಕ್ರೈಸ್ತರಿಗೂ ಅನ್ವಯವಾಗುವಂತೆ ವಿಸ್ತರಿಸಿದೆವೆಂದು ಅವರು ಆರಂಭದಲ್ಲಿಯೇ ತಿಳಿಸುತ್ತಾರೆ. ಆದರೂ ಅದರ ಮೊನೆ ಯಾಜಕರ ಕಡೆಗೇ ಇದೆ. ಸಾಹಿತ್ಯವನ್ನು ಮನರಂಜನೆಯೆಂದೂ, ಭಾವೀ ಯಾಜಕರಿಗೆ ಅಷ್ಟೇನೂ ಅಗತ್ಯವಲ್ಲದ ಅಲಂಕಾರವೆಂದೂ ಕಾಣುವ ರೂಢಿಯು ಅವರ ಬುದ್ಧಿಯನ್ನೂ ಆತ್ಮವನ್ನೂ ಬಡವಾಗಿಸುತ್ತದೆ ಎಂಬುದು ಅವರ ವಾದ. 1964-65ರ ಅವಧಿಯಲ್ಲಿ ಅರ್ಜೆಂಟೀನಾದ ಸಾಂತಾ ಫೇ ನಗರದ ಯೇಸುಸಭೆಯ ಶಾಲೆಯಲ್ಲಿ ಸಾಹಿತ್ಯವನ್ನು ಕಲಿಸುತ್ತಿದ್ದ ದಿನಗಳನ್ನು ಅವರು ಅಲ್ಲಿ ನೆನೆಯುತ್ತಾರೆ. ಪಠ್ಯದಲ್ಲಿದ್ದುದು ಎಲ್ ಸಿದ್ ಎಂಬ ಪ್ರಾಚೀನ ವೀರಕಾವ್ಯ; ಹುಡುಗರು ಕೇಳಿದ್ದು ಗಾರ್ಸಿಯಾ ಲೋರ್ಕಾನನ್ನು. ವೀರಕಾವ್ಯವನ್ನು ಮನೆಯ ಓದಿಗೆ ಬಿಟ್ಟು, ತರಗತಿಯಲ್ಲಿ ಹುಡುಗರು ಮೆಚ್ಚಿದ ಲೇಖಕರನ್ನೇ ಚರ್ಚೆಗೆ ತೆಗೆದುಕೊಂಡೆನೆಂದು ಅವರು ಹೇಳುವಲ್ಲಿ ಒಬ್ಬ ಅಧ್ಯಾಪಕನ ವಿವೇಕವಿದೆ.

ಪತ್ರದಲ್ಲಿ ಬರುವ ಪ್ರೂಸ್ತ್, ಎಲಿಯಟ್, ಬೋರ್ಹೆಸ್, ಸೆಲಾನ್ ಮೊದಲಾದ ಹೆಸರುಗಳು ಬಹುಮಟ್ಟಿಗೆ ಯುರೋಪಿನವು ಇಲ್ಲವೇ ಲ್ಯಾಟಿನ್ ಅಮೆರಿಕದವು. ಇದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಒಬ್ಬ ಓದುಗನು ತಾನು ಓದಿದ್ದನ್ನಲ್ಲದೆ ಮತ್ತೇನನ್ನು ಉದಾಹರಿಸಿಯಾನು? ಆದರೆ ಆ ಪತ್ರವನ್ನು ಹಾಗೆಯೇ ಪಠ್ಯವಾಗಿಸಿ, ಅಲ್ಲಿ ಬಂದ ಹೆಸರುಗಳನ್ನು ಕಂಠಪಾಠ ಮಾಡಿಸಿ, ಸಾಹಿತ್ಯದ ವಿಷಯ ಮುಗಿಯಿತೆಂದು ಕೈತೊಳೆದುಕೊಂಡರೆ ದೋಷವು ನಮ್ಮದಾಗುತ್ತದೆ. ಪ್ರತಿಯೊಂದು ಸ್ಥಳೀಯ ಧರ್ಮಸಭೆಯೂ ಆ ಪತ್ರದ ಖಾಲಿ ಜಾಗಗಳನ್ನು ತನ್ನ ನುಡಿಯ ಕೃತಿಗಳಿಂದ ತುಂಬಬೇಕು. ಕನ್ನಡದ ಮಟ್ಟಿಗೆ ಈ ಕೆಲಸ ಇನ್ನೂ ನಡೆಯಬೇಕಾಗಿದೆ. ನಮ್ಮಲ್ಲಿ ದೈವಶಾಸ್ತ್ರದ ಬೋಧನೆ, ಪ್ರಬಂಧ, ಪರೀಕ್ಷೆಗಳೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ; ಕನ್ನಡವು ಭಾನುವಾರದ ಪ್ರಬೋಧನೆಯ ಹೊತ್ತಿಗೆ ನೆನಪಾಗುತ್ತದೆ. ಹೀಗಾಗಿ ಅದು ಬೇರೆಡೆ ಆಲೋಚಿಸಿದ್ದನ್ನು ಹಂಚುವ ಭಾಷೆಯಾಗಿದೆಯೇ ಹೊರತು ನಾವು ಆಲೋಚಿಸುವ ಭಾಷೆಯಾಗಿಲ್ಲ. ಇದರ ಪರಿಣಾಮವನ್ನು ನಮ್ಮ ಪೀಠದೆದುರು ಕುಳಿತ ಭಕ್ತರು ಪ್ರತಿವಾರವೂ ಅನುಭವಿಸುತ್ತಾರೆ.

ಈ ಲೇಖನದಲ್ಲಿ ಎರಡು ಕನ್ನಡ ಕೃತಿಗಳನ್ನು ಎದುರುಬದುರಾಗಿಟ್ಟು ಓದಲು ಉದ್ದೇಶಿಸಿದ್ದೇವೆ: ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ಮತ್ತು ನಾ. ಡಿಸೋಜಾ ಅವರ ‘ದ್ವೀಪ’. ಮೊದಲನೆಯದು ಕ್ರೈಸ್ತರಲ್ಲದ ಕವಿಯೊಬ್ಬರು ಪ್ರಭು ಯೇಸುವಿನ ಮರಣವನ್ನು ಕುರಿತು ಬರೆದ ಕಾವ್ಯ. ಎರಡನೆಯದು ಕ್ರೈಸ್ತ ಕಾದಂಬರಿಕಾರರೊಬ್ಬರು ಕ್ರೈಸ್ತರಲ್ಲದ ಕುಟುಂಬವೊಂದರ ಮುಳುಗಡೆಯನ್ನು ಕುರಿತು ಬರೆದ ಕಥನ. ಇವೆರಡನ್ನೂ ಒಟ್ಟಿಗೆ ಓದಿದಾಗ ನಮ್ಮ ಬೋಧನೆಯಲ್ಲಿ ಮಸುಕಾಗಿರುವ ಒಂದು ಭೇದವು ಸ್ಪಷ್ಟವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಒಂದು ಪೂರ್ವಪಕ್ಷ

ಸಾಹಿತ್ಯದ ಓದಿಗೆ ಧರ್ಮಸಭೆಯ ಪರಂಪರೆಯೊಳಗಿನಿಂದಲೇ ಎದ್ದ ಆಕ್ಷೇಪವೊಂದಿದೆ. ಅದನ್ನು ಎದುರಿಸದೆ ಮುಂದುವರಿಯುವುದು ಪ್ರಾಮಾಣಿಕವಾಗದು. ಸಂತ ಜೆರೋಮರು ತಮಗೆ ಬಿದ್ದ ಕನಸೊಂದರಲ್ಲಿ ನ್ಯಾಯಾಸನದ ಮುಂದೆ ನಿಂತು, ತಾವು ಕ್ರಿಸ್ತನಿಗಿಂತ ಸಿಸೆರೋಗೆ ಸೇರಿದವರೆಂಬ ತೀರ್ಪನ್ನು ಕೇಳಿ ನಡುಗಿದರು. ಸಂತ ಅಗಸ್ಟಿನರ ಮಾತು ಇನ್ನೂ ಹರಿತವಾದದ್ದು. ತಮ್ಮ ಆತ್ಮನಿವೇದನೆಯ ಮೊದಲ ಭಾಗದಲ್ಲಿ ಅವರು, ಬಾಲ್ಯದಲ್ಲಿ ವರ್ಜಿಲನ ಕಾವ್ಯವನ್ನೋದಿ ದೀದೋ ರಾಣಿಯ ಸಾವಿಗೆ ಕಣ್ಣೀರಿಟ್ಟ ತಾವು, ದೇವರಿಂದ ದೂರವಾಗಿ ಸಾಯುತ್ತಿದ್ದ ತಮ್ಮ ಆತ್ಮಕ್ಕಾಗಿ ಒಂದು ಹನಿಯನ್ನೂ ಸುರಿಸಲಿಲ್ಲವೆಂದು ಮರುಗುತ್ತಾರೆ. ಕಲ್ಪಿತ ದುಃಖಕ್ಕೆ ಅಳುವ ಸುಖವು ನಿಜದ ದುಃಖವನ್ನು ಮರೆಸುತ್ತದೆ ಎಂಬ ಈ ಆಕ್ಷೇಪವು ಇಂದಿಗೂ ಬಲವುಳ್ಳದ್ದು.

ಇದಕ್ಕೆ ಉತ್ತರವು ಪವಿತ್ರ ಗ್ರಂಥದಲ್ಲಿಯೇ ದೊರೆಯುತ್ತದೆ. ಎರಡನೆಯ ಸಮುವೇಲನ ಗ್ರಂಥದ 12ನೆಯ ಅಧ್ಯಾಯದಲ್ಲಿ ಪ್ರವಾದಿ ನಾತಾನನು ದಾವೀದನೆದುರು ನಿಂತು ನೇರವಾಗಿ ಆರೋಪ ಹೊರಿಸುವುದಿಲ್ಲ, ಕಥೆಯೊಂದನ್ನು ಹೇಳುತ್ತಾನೆ. ಬಡವನ ಒಂದೇ ಒಂದು ಕುರಿಮರಿಯನ್ನು ಸಿರಿವಂತನು ಕಿತ್ತುಕೊಂಡ ಕಥೆಯದು. ಅರಸನು ಆ ಕುರಿಮರಿಗಾಗಿ ಕನಲುತ್ತಾನೆ, ತೀರ್ಪು ಕೊಡುತ್ತಾನೆ. ಆ ತೀರ್ಪು ತನ್ನ ಕೊರಳಿಗೇ ಬಿದ್ದುದನ್ನು ಆಮೇಲೆ ಅರಿಯುತ್ತಾನೆ. ಅಗಸ್ಟಿನರು ಭಯಪಟ್ಟದ್ದು ಓದುಗನನ್ನು ತನ್ನಿಂದ ದೂರಕ್ಕೊಯ್ಯುವ ಕಥೆಗೆ. ನಾತಾನನು ಹೇಳಿದ್ದು ಕೇಳುಗನನ್ನು ದೂರಕ್ಕೊಯ್ದು ಮತ್ತೆ ಅವನೆದುರಿಗೇ ತಂದು ನಿಲ್ಲಿಸುವ ಕಥೆಯನ್ನು. ಲೂಕನ ಶುಭಸಂದೇಶದಲ್ಲಿ ಶಿಲುಬೆಯ ಹಾದಿಯ ಬದಿಯಲ್ಲಿ ಅಳುತ್ತಿದ್ದ ಜೆರುಸಲೇಮಿನ ಸ್ತ್ರೀಯರಿಗೆ ಪ್ರಭುವು ಹೇಳುವ ಮಾತೂ ಇದೇ ಬಗೆಯದು. ಅವರ ಕಣ್ಣೀರನ್ನು ಪ್ರಭು ತಳ್ಳಿಹಾಕುವುದಿಲ್ಲ. ಅದನ್ನು ಅವರ ಕಡೆಗೆ, ಅವರ ಮಕ್ಕಳ ಕಡೆಗೆ ತಿರುಗಿಸುತ್ತಾರೆ. ಕ್ರೈಸ್ತ ಓದಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ. ಓದು ನಮ್ಮನ್ನು ನಮ್ಮೆದುರಿಗೆ, ನೆರೆಯವನೆದುರಿಗೆ ತಂದು ನಿಲ್ಲಿಸುತ್ತದೆಯೇ ಎಂದು ಕೇಳಿಕೊಂಡರೆ ಸಾಕು.

ಹೊರಗಿನಿಂದ ಕಂಡ ಶಿಲುಬೆ

ಕ್ರಿಸ್ತಕಥೆಯನ್ನು ಕನ್ನಡದ ಛಂದಸ್ಸಿಗೆ ತರುವ ಯತ್ನವು ಗೋವಿಂದ ಪೈಗಳಿಂದ ಆರಂಭವಾದದ್ದಲ್ಲ. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲರು 1862ರಲ್ಲಿಯೇ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹಾಡಿದ್ದರು. ಅದು ಸುವಾರ್ತೆಯನ್ನು ಸಾರಲು ಬಂದವರು ಕನ್ನಡವನ್ನು ಕಲಿತು, ಕನ್ನಡದ ಕಿವಿಗೆ ಒಗ್ಗುವಂತೆ ಕಥೆಯನ್ನು ಕೊಟ್ಟ ಬಗೆ. ಅದಾದ 75 ವರ್ಷಗಳ ಬಳಿಕ, 1937ರಲ್ಲಿ ‘ಗೊಲ್ಗೊಥಾ’ ಪ್ರಕಟವಾದಾಗ ದಿಕ್ಕು ಬದಲಾಗಿತ್ತು. ಕೊಂಕಣಿ ಮನೆಮಾತಿನ, ಗೌಡ ಸಾರಸ್ವತ ಮನೆತನದ, ಮುಂದೆ 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆನಿಸಿದ ಪಂಡಿತರೊಬ್ಬರು ತಾವಾಗಿಯೇ ಕಲ್ವಾರಿಯ ಕಡೆಗೆ ನಡೆದಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಅವರನ್ನು ಕರೆದದ್ದು ಕಥೆಯೇ.

1911ರಲ್ಲಿಯೇ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟ ಧೀರ ಕವಿ ಪೈಗಳು. ‘ಗೊಲ್ಗೊಥಾ’ದಲ್ಲಿ ಪ್ರಾಸದ ಹಂಗಿಲ್ಲದ ಸರಳ ರಗಳೆಯು ಸಾಲಿನಿಂದ ಸಾಲಿಗೆ ತಡೆಯಿಲ್ಲದೆ ಹರಿಯುತ್ತದೆ. ಆದರೆ ನುಡಿ ಸರಳವಲ್ಲ. ಹಳಗನ್ನಡದ ಪದಗಳು, ಬಿಗಿಯಾದ ಸಮಾಸಗಳು, ಬಳಕೆ ತಪ್ಪಿದ ಮಾತುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಇಂದಿನ ಗುರುಅಭ್ಯರ್ಥಿಯು ಈ ಕಾವ್ಯವನ್ನು ಓದಲು ಕುಳಿತರೆ ಕೈಯಲ್ಲಿ ನಿಘಂಟು ಬೇಕಾಗುತ್ತದೆ. ಆ ನಿಘಂಟು 1894ರಲ್ಲಿ ಅಚ್ಚಾದ ಕಿಟ್ಟೆಲರದೇ ಆಗಿರುವುದು ಸಂಭವ. ಕ್ರೈಸ್ತರಲ್ಲದ ಕವಿಯ ಕ್ರಿಸ್ತಕಾವ್ಯವನ್ನು ಕ್ರೈಸ್ತ ಓದುಗನು ಕ್ರೈಸ್ತ ಮಿಷನರಿಯ ಪದಕೋಶದ ನೆರವಿನಿಂದ ಬಿಡಿಸಿಕೊಳ್ಳುವ ಈ ಸನ್ನಿವೇಶದಲ್ಲಿ, ನಮ್ಮ ನಾಡಿನಲ್ಲಿ ಶುಭಸಂದೇಶವೂ ಸಂಸ್ಕೃತಿಯೂ ಒಂದನ್ನೊಂದು ಹೆಣೆದುಕೊಂಡ ಬಗೆಯೆಲ್ಲ ಅಡಗಿದೆ. ಕಾವ್ಯದ ಕಾಠಿಣ್ಯವನ್ನು ಅದರ ಕೊರತೆಯೆಂದು ಕಂಡವರುಂಟು. ಸಾಮಾನ್ಯ ಓದುಗನ ದೃಷ್ಟಿಯಿಂದ ಆ ಮಾತು ಸುಳ್ಳಲ್ಲ. ಆದರೆ ಪಾಡಿನ ಕಥನವನ್ನು ವರ್ಷವರ್ಷವೂ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ ನಮ್ಮಂಥವರಿಗೆ ಅದೇ ಉಪಕಾರವಾಗುತ್ತದೆ. ಸಲೀಸಾಗಿ ದಾಟಿಹೋಗುತ್ತಿದ್ದ ಕಡೆಗಳಲ್ಲಿ ಅದು ನಮ್ಮನ್ನು ನಿಲ್ಲಿಸುತ್ತದೆ.

ದೈವಶಾಸ್ತ್ರದ ದೃಷ್ಟಿಯಿಂದ ಗಹನವಾದ ಪ್ರಶ್ನೆಯೊಂದು ಇಲ್ಲಿ ಏಳುತ್ತದೆ. ಪೈಗಳು ‘ಗೊಲ್ಗೊಥಾ’ದಲ್ಲಿ ಯೇಸುವಿನ ಕಡೆಯ ದಿನವನ್ನು ಹಾಡಿದರು, 1946ರ ‘ವೈಶಾಖಿ’ಯಲ್ಲಿ ಬುದ್ಧನ ಕಡೆಯ ದಿನವನ್ನು ಹಾಡಿದರು. ಮಹಾತ್ಮರ ಅಂತಿಮ ದಿನಗಳ ಸಾಲಿನಲ್ಲಿ ಕ್ರಿಸ್ತನನ್ನೂ ನಿಲ್ಲಿಸಿದಾಗ ಆತನ ಅನನ್ಯತೆಗೆ ಭಂಗ ಬರುವುದಿಲ್ಲವೇ? ಕಾವ್ಯದ ಚೌಕಟ್ಟೇ ಕಡೆಯ ದಿನವಾದಾಗ ಮೂರನೆಯ ದಿನದ ಗತಿಯೇನು? ಪುನರುತ್ಥಾನವಿಲ್ಲದ ಶಿಲುಬೆಯು ಸಜ್ಜನನೊಬ್ಬನ ದುರಂತವಾಗಿ ಉಳಿದುಬಿಡುವುದಿಲ್ಲವೇ? ಈ ಪ್ರಶ್ನೆಗಳನ್ನು ಕೇಳುವುದು ನಮ್ಮ ಕರ್ತವ್ಯ. ಕವಿಯನ್ನು ಹೊಗಳುವ ಭರದಲ್ಲಿ ಇವನ್ನು ಮರೆಮಾಚಬಾರದು. ಪೈಗಳ ಕಾವ್ಯವು ಧರ್ಮಸಭೆಯ ವಿಶ್ವಾಸ ಪ್ರಮಾಣವಲ್ಲ; ಅದಾಗಬೇಕೆಂದು ಅವರು ಬಯಸಿದ್ದೂ ಇಲ್ಲ.

ಆದರೆ ಎರಡೂ ಕಾವ್ಯಗಳ ವಸ್ತುವನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಆಗುವುದೇ ಬೇರೆ. ಬುದ್ಧನದು ಪರಂಪರೆಯ ಪ್ರಕಾರ ಎಂಬತ್ತು ವರ್ಷಗಳ ತುಂಬು ಬಾಳಿನ ಕೊನೆ. ಕುಶಿನಾರದ ಸಾಲವೃಕ್ಷಗಳ ನಡುವೆ, ಆನಂದನೇ ಮೊದಲಾದ ಶಿಷ್ಯರ ಸಮ್ಮುಖದಲ್ಲಿ, ಉಪದೇಶದೊಂದಿಗೆ ನಂದಿದ ದೀಪವದು. ಯೇಸುವಿನದು ಹರೆಯದಲ್ಲಿಯೇ, ಊರ ಹೊರಗೆ, ಶಿಷ್ಯರು ಚೆದುರಿಹೋದ ಬಳಿಕ, ಧರ್ಮಾಧಿಕಾರವೂ ರಾಜಾಧಿಕಾರವೂ ಕೈಗೂಡಿಸಿ ನಡೆಸಿದ ಕೊಲೆ. ಹೋಲಿಕೆಯು ಭೇದವನ್ನು ಅಳಿಸುವುದಿಲ್ಲ, ಎತ್ತಿ ತೋರಿಸುತ್ತದೆ. ಶಿಲುಬೆಯು ಬೀದಿಯಲ್ಲಿ ನಡೆದ, ರಾಜಕೀಯದ ಕೈವಾಡವಿದ್ದ, ಜನಸಂದಣಿಯ ಕೂಗಿನಿಂದ ತೀರ್ಮಾನವಾದ ಸಾವೆಂಬುದು ಭಕ್ತಿಯ ಮಬ್ಬಿನಲ್ಲಿ ನಮಗೆ ಮರೆತೇಹೋಗಿರುತ್ತದೆ. ಚಿನ್ನದ ನೀರು ಕುಡಿದ ಶಿಲುಬೆಯನ್ನು ದಿನವೂ ಕಾಣುವ ನಮಗೆ, ಕಪಾಲಸ್ಥಳವು ಒಂದು ವಧಾಸ್ಥಾನವೆಂಬುದನ್ನು ಹೊರಗಿನವನೇ ನೆನಪಿಸಬೇಕಾಯಿತು. ಪೋಪ್ ಫ್ರಾನ್ಸಿಸ್ ಅವರು ತಮ್ಮ ಪತ್ರದಲ್ಲಿ ಕ್ರಿಸ್ತನ ಮಾಂಸಮಯ ದೇಹವನ್ನು, ಅದರ ನೋವು ನಲಿವುಗಳನ್ನು ಎಂದೂ ಮರೆಯಬಾರದೆಂದು ಎಚ್ಚರಿಸುವುದು ಇದನ್ನೇ ಕುರಿತು.

ಒಳಗಿನಿಂದ ಹೊರಟ ನೋಟ

ನಾ. ಡಿಸೋಜಾ ಅವರು ಸಾಗರದವರು; ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವರು; 2014ರಲ್ಲಿ ಮಡಿಕೇರಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು; 2025ರ ಜನವರಿಯಲ್ಲಿ ನಮ್ಮನ್ನಗಲಿದವರು. ಕ್ರೈಸ್ತರ ಬದುಕನ್ನು ಕುರಿತೂ ಅವರು ಬರೆದಿದ್ದಾರೆ. ಆದರೆ ನಾಡು ಅವರನ್ನು ಹೆಚ್ಚಾಗಿ ನೆನೆಯುವುದು ಮುಳುಗಡೆಯ ಲೇಖಕರೆಂದು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಶರಾವತಿ ಕಣಿವೆಯ ಊರುಗಳನ್ನು ನುಂಗಿದ್ದನ್ನು ಅವರು ಹತ್ತಿರದಿಂದ ಕಂಡಿದ್ದರು. ‘ಮುಳುಗಡೆ’, ‘ದ್ವೀಪ’ ಎಂಬ ಕೃತಿಗಳು ಈ ಕಾಣ್ಕೆಯ ಫಲಗಳು.

‘ದ್ವೀಪ’ದ ವಸ್ತು ತೀರ ಸರಳ. ನೀರು ಏರಿದಂತೆ ಗುಡ್ಡವೊಂದು ದ್ವೀಪವಾಗುತ್ತದೆ. ನೆರೆಯವರು ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಗಣಪಯ್ಯ, ಹೆಂಡತಿ ನಾಗವೇಣಿ, ಮುದಿ ತಂದೆ ದುಗ್ಗಜ್ಜ ಉಳಿಯುತ್ತಾರೆ. ಹೊರಗೆ ನೀರು, ಒಳಗೆ ಗಂಡಹೆಂಡಿರ ನಡುವೆ ಹುಟ್ಟಿದ ಅನುಮಾನ. ಎರಡೂ ಏರುತ್ತಲೇ ಹೋಗುತ್ತವೆ. ಈ ಕಥನದಲ್ಲಿ ಚರ್ಚಿಲ್ಲ, ಶಿಲುಬೆಯಿಲ್ಲ, ಪಾದ್ರಿಯಿಲ್ಲ. ಕ್ರೈಸ್ತ ಸಾಹಿತ್ಯವೆಂದರೆ ಕ್ರೈಸ್ತ ಪಾತ್ರಗಳುಳ್ಳ ಸಾಹಿತ್ಯವೆಂದು ನಂಬಿದವರಿಗೆ ಇಲ್ಲಿ ಕ್ರೈಸ್ತವಾದದ್ದೇನೂ ಕಾಣದು. ಆದರೆ ಒಬ್ಬ ಕ್ರೈಸ್ತ ಲೇಖಕನು ತನ್ನ ಸಮುದಾಯದ ಬೇಲಿಯನ್ನು ದಾಟಿ, ಬೇರೊಬ್ಬರ ಮನೆಯಂಗಳಕ್ಕೆ ನೀರು ನುಗ್ಗಿದ್ದನ್ನು ತನ್ನ ಮನೆಯದೆಂಬಂತೆ ನೋಡಿದನಲ್ಲ, ಸಮಾರಿಯದವನ ಸಾಮತಿಯನ್ನು ಕೇಳಿ ಬೆಳೆದವನಿಗೆ ಅದೇನೂ ಪರಕೀಯವಲ್ಲ. ಲೋಕದ ಹರ್ಷ, ಭರವಸೆ, ದುಃಖ, ಆತಂಕಗಳನ್ನು ಕ್ರಿಸ್ತನ ಶಿಷ್ಯರು ತಮ್ಮವೇ ಎಂದು ಬಗೆಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೇಳಿತು. ಡಿಸೋಜಾ ಅದನ್ನು ಬರೆದು ತೋರಿಸಿದರು.

ಈ ಕಾದಂಬರಿಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವನ್ನು ಪಡೆದ ಚಲನಚಿತ್ರದಲ್ಲಿ ನಾಗಿಯ ಪಾತ್ರಕ್ಕೆ ಹೆಚ್ಚಿನ ಒತ್ತು ಬಿದ್ದಿದೆ. ಆ ಮಳೆಗಾಲದ ಭೀತಿಯಲ್ಲಿ ಮನೆಯನ್ನು ಉಳಿಸಿಕೊಳ್ಳುವವಳು ಅವಳು. ಆದರೆ ಗಂಡಾಂತರ ಕಳೆದ ಮೇಲೆ ಗಂಡನು ಉಳಿವಿನ ಯಶಸ್ಸನ್ನು ದೈವಕ್ಕೆ ಸಲ್ಲಿಸುತ್ತಾನೆ. ಅವಳ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. ದೈವಶಾಸ್ತ್ರವನ್ನು ಓದುವವರು ಈ ದೃಶ್ಯದ ಮುಂದೆ ತುಸು ಹೊತ್ತು ಕೂರಬೇಕು. ದೇವರಿಗೆ ಮಹಿಮೆ ಸಲ್ಲಿಸುವುದು ತಪ್ಪೇ? ಅಲ್ಲ. ಆದರೆ ದೇವರ ಹೆಸರಿನಿಂದ ಮನುಷ್ಯಳೊಬ್ಬಳ ಬೆವರನ್ನು ಒರೆಸಿ ಮರೆಮಾಡುವುದು ಸ್ತುತಿಯಲ್ಲ, ಕೃತಘ್ನತೆ. ಕೃಪಾವರವು ಮಾನವ ಸ್ವಭಾವವನ್ನು ನಾಶಮಾಡದೆ ಪರಿಪೂರ್ಣಗೊಳಿಸುತ್ತದೆ ಎಂಬ ಸಂತ ಥಾಮಸ್ ಅಕ್ವಿನಾಸರ ಸೂತ್ರವನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಆದರೆ ಧರ್ಮಕೇಂದ್ರದ ಹಬ್ಬದ ಕೊನೆಯಲ್ಲಿ ಧನ್ಯವಾದ ಹೇಳುವಾಗ, ದಾನಿಗಳ ಹೆಸರುಗಳನ್ನೆಲ್ಲ ಓದಿದ ಬಳಿಕ ಮಿಕ್ಕದ್ದನ್ನೆಲ್ಲ ದೇವರ ಕೃಪೆಯೆಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಆ ‘ಮಿಕ್ಕದ್ದು’ ಎಂಬುದರೊಳಗೆ ದೇವಾಲಯವನ್ನು ಗುಡಿಸಿದವರು, ಮಕ್ಕಳಿಗೆ ಧರ್ಮೋಪದೇಶ ಕಲಿಸಿದವರು, ನೂರಾರು ಜನರ ಊಟದ ಪಾತ್ರೆ ತೊಳೆದವರು ಇರುತ್ತಾರೆ. ನಾಗಿಯ ದ್ವೀಪವು ಶರಾವತಿಯಲ್ಲಷ್ಟೇ ಇಲ್ಲ.

ಕೊಟ್ಟದ್ದು, ಕಿತ್ತುಕೊಂಡದ್ದು

ಈಗ ಎರಡೂ ಕೃತಿಗಳು ಸಂಧಿಸುವ ಸ್ಥಾನಕ್ಕೆ ಬಂದಿದ್ದೇವೆ. ಯೊವಾನ್ನನ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ಪ್ರಧಾನ ಯಾಜಕ ಕಾಯಫನು ನ್ಯಾಯಸಭೆಯ ಮುಂದೆ ಒಂದು ಲೆಕ್ಕಾಚಾರವನ್ನಿಡುತ್ತಾನೆ: ಇಡೀ ಜನಾಂಗ ನಾಶವಾಗುವ ಬದಲು ಜನರಿಗಾಗಿ ಒಬ್ಬನು ಸಾಯುವುದು ಲೇಸು. ಲೋಕದ ಆಡಳಿತಗಳೆಲ್ಲ ಅನುಕೂಲ ಬಿದ್ದಾಗ ಹಾಕುವ ಲೆಕ್ಕವೇ ಇದು. ನಾಡಿಗೆ ಬೆಳಕು ಬರಲು ಕೆಲವು ಊರುಗಳು ಮುಳುಗಬೇಕೆಂಬ ಮಾತಿನಲ್ಲಿಯೂ ಇದೇ ಲೆಕ್ಕವಿದೆ. ಅಣೆಕಟ್ಟೆಯೇ ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ವಿದ್ಯುತ್ತಿನ ದೀಪದಡಿಯಲ್ಲಿಯೇ ಕುಳಿತು ಇದನ್ನು ಬರೆಯುತ್ತಿದ್ದೇವೆ. ಬೆಳಕಿನ ಬೆಲೆಯನ್ನು ತೆತ್ತವರು ಯಾರು, ಅವರನ್ನು ಯಾರಾದರೂ ಕೇಳಿದರೇ, ಅವರಿಗೆ ಸಲ್ಲಬೇಕಾದದ್ದು ಸಂದಿತೇ ಎಂಬುದು ಪ್ರಶ್ನೆ. ಶರಾವತಿಯ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ವಿವಾದವು ದಶಕಗಳು ಕಳೆದರೂ ಬಗೆಹರಿಯದೆ ಉಳಿದಿರುವುದನ್ನು ಮಲೆನಾಡಿನವರೆಲ್ಲ ಬಲ್ಲರು.

ಇಂಥ ಸಂದರ್ಭಗಳಲ್ಲಿ ‘ತ್ಯಾಗ’ ಎಂಬ ಪದವು ಮುಂದೆ ಬರುತ್ತದೆ. ಸಂತ್ರಸ್ತರು ನಾಡಿಗಾಗಿ ತ್ಯಾಗ ಮಾಡಿದರು ಎನ್ನುತ್ತೇವೆ. ಆದರೆ ತ್ಯಾಗವೆಂದರೆ ಕೊಡುವವನು ತಾನಾಗಿ ಕೊಟ್ಟದ್ದು; ಕೇಳದೆ ಕಿತ್ತುಕೊಂಡದ್ದಕ್ಕೆ ಆ ಹೆಸರು ಸಲ್ಲದು. ಯೊವಾನ್ನನ ಶುಭಸಂದೇಶದಲ್ಲಿ ಯೇಸು ತಮ್ಮ ಪ್ರಾಣವನ್ನು ಯಾರೂ ತಮ್ಮಿಂದ ಕಸಿದುಕೊಳ್ಳುವುದಿಲ್ಲವೆಂದೂ, ತಾವಾಗಿಯೇ ಅದನ್ನು ಕೊಡುತ್ತೇವೆಂದೂ ನುಡಿಯುತ್ತಾರೆ. ಕಲ್ವಾರಿಯಲ್ಲಿ ಎರಡು ಕ್ರಿಯೆಗಳು ಒಂದೇ ಮರದ ಮೇಲೆ ನಡೆದವು: ಕಾಯಫ ಮತ್ತು ಪಿಲಾತರು ಒಬ್ಬ ನಿರಪರಾಧಿಯನ್ನು ಬಲಿ ತೆಗೆದುಕೊಂಡರು, ಪ್ರಭುವು ತಮ್ಮನ್ನು ಬಲಿಯಾಗಿ ಅರ್ಪಿಸಿಕೊಂಡರು. ಮೊದಲನೆಯದು ಪಾಪ, ಎರಡನೆಯದು ರಕ್ಷಣೆ. ಕಾಯಫನ ಮಾತಿನಲ್ಲಿ ಅವನಿಗೇ ಅರಿವಿಲ್ಲದ ಪ್ರವಾದನೆಯಿತ್ತೆಂದು ಶುಭಸಂದೇಶಕಾರನು ತಿಳಿಸುವನಾದರೂ, ಅದರಿಂದ ಕಾಯಫನು ನಿರ್ದೋಷಿಯಾಗುವುದಿಲ್ಲ. ದೇವರು ಕೇಡಿನಿಂದ ಒಳಿತನ್ನು ತಂದರೆಂಬ ಕಾರಣಕ್ಕೆ ಕೇಡು ಒಳಿತಾಗದು.

ನಮ್ಮ ಪ್ರಬೋಧನೆಯಲ್ಲಿ ಮಸುಕಾಗಿದೆಯೆಂದು ಆರಂಭದಲ್ಲಿ ಹೇಳಿದ ಭೇದವಿದು. ಒಕ್ಕಲೆಬ್ಬಿಸಲ್ಪಟ್ಟವನಿಗೆ, ಗಂಡನ ಹೊಡೆತಕ್ಕೆ ಈಡಾದವಳಿಗೆ, ಕೂಲಿ ಸಿಗದ ಕಾರ್ಮಿಕನಿಗೆ ‘ನಿನ್ನ ಶಿಲುಬೆಯನ್ನು ಹೊರು’ ಎಂದು ನಾವು ಸಾಂತ್ವನ ಹೇಳುವುದುಂಟು. ಶಿಲುಬೆಯನ್ನು ಹೊರಬೇಕೆಂಬ ಕರೆಯನ್ನು ಪ್ರಭು ಕೊಟ್ಟದ್ದು ನಿಜ. ಆದರೆ ಆ ಕರೆಯನ್ನು ಕೊಟ್ಟವರು ಮೊದಲು ತಾವೇ ಅದನ್ನು ಹೊತ್ತರು. ಇನ್ನೊಬ್ಬನ ಹೆಗಲಿಗೆ ಅನ್ಯಾಯವಾಗಿ ಹೇರಿದ ಭಾರವನ್ನು ಕಂಡೂ ಅದಕ್ಕೆ ಶಿಲುಬೆಯೆಂದು ಹೆಸರಿಟ್ಟು ಪಕ್ಕಕ್ಕೆ ಸರಿಯುವವನು ಕ್ರಿಸ್ತನ ದನಿಯಲ್ಲಿ ಮಾತನಾಡುತ್ತಿಲ್ಲ, ಕಾಯಫನ ದನಿಯಲ್ಲಿ ಮಾತನಾಡುತ್ತಿದ್ದಾನೆ. ಈ ಮಾತು ಯಾಜಕರಾದ ನಮಗೆ ಕಹಿಯೆನಿಸಬಹುದು. ಕಾಯಫನೂ ಯಾಜಕನೇ ಆಗಿದ್ದನೆಂಬುದನ್ನು ಮರೆಯಲಾಗದು.

ಈ ಭೇದವನ್ನು ದೈವಶಾಸ್ತ್ರದ ಪಠ್ಯಗಳಿಂದಲೇ ಕಲಿಯಬಹುದಿತ್ತಲ್ಲವೇ ಎಂದು ಕೇಳುವವರುಂಟು. ಕಲಿಯಬಹುದು, ಸೂತ್ರವಾಗಿ ಕಲಿತೂ ಇದ್ದೇವೆ. ಆದರೆ ಸೂತ್ರಕ್ಕೆ ಮುಖವಿರುವುದಿಲ್ಲ. ಏರುತ್ತಿರುವ ನೀರನ್ನು ಬಾಗಿಲಲ್ಲಿ ನಿಂತು ನೋಡುವ ನಾಗವೇಣಿಯ ಮುಖವನ್ನು ಕಂಡವನಿಗೆ, ಪ್ರಬೋಧನೆಯಲ್ಲಿ ತ್ಯಾಗವೆಂಬ ಪದವನ್ನು ಉಚ್ಚರಿಸುವ ಮುನ್ನ ನಾಲಿಗೆ ಒಂದು ಕ್ಷಣ ತಡೆಯುತ್ತದೆ. ಸಾಹಿತ್ಯದಿಂದ ಯಾಜಕನಿಗೆ ಸಿಗುವ ದೊಡ್ಡ ಲಾಭವು ಈ ತಡೆಯೇ. ಅಲಂಕಾರಕ್ಕೆ ಬೇಕಾದ ಉಲ್ಲೇಖಗಳನ್ನು ಎಲ್ಲಿಂದಲಾದರೂ ತರಬಹುದು.

ಮಾಡಬಹುದಾದದ್ದು

ಹೊಸ ವಿಭಾಗಗಳನ್ನು ತೆರೆಯುವ ಯೋಜನೆಯನ್ನೇನೂ ನಾವು ಮುಂದಿಡುತ್ತಿಲ್ಲ. ದೈವಶಾಸ್ತ್ರದ ಪ್ರತಿಯೊಂದು ವರ್ಷದಲ್ಲಿಯೂ ಒಂದು ಕನ್ನಡ ಕೃತಿಯನ್ನು, ಸಾರಾಂಶವನ್ನಲ್ಲ, ಕೃತಿಯನ್ನೇ, ಗುರುಅಭ್ಯರ್ಥಿಗಳು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಕುಳಿತು ಓದಿದರೆ ಅದೇ ಒಳ್ಳೆಯ ಆರಂಭ. ಕ್ರಿಸ್ತಶಾಸ್ತ್ರದ ಪಾಠದೊಂದಿಗೆ ‘ಗೊಲ್ಗೊಥಾ’ವನ್ನೂ, ಕೃಪಾವರದ ಪಾಠದೊಂದಿಗೋ ಸಾಮಾಜಿಕ ಬೋಧನೆಯ ಪಾಠದೊಂದಿಗೋ ‘ದ್ವೀಪ’ವನ್ನೂ ಓದಬಹುದು. ಅಧ್ಯಾಪಕರು ಅರ್ಥ ಹೇಳುವ ಆತುರವನ್ನು ಬಿಟ್ಟು, ಸಾಂತಾ ಫೇ ಶಾಲೆಯ ತರುಣ ಅಧ್ಯಾಪಕನಂತೆ, ಎದುರಿಗೆ ಕುಳಿತವರು ಏನನ್ನು ಓದಿ ಮನಸೋತಿದ್ದಾರೆಂದು ಮೊದಲು ಕೇಳಬಹುದು. ಧರ್ಮಕೇಂದ್ರಗಳಲ್ಲಿ ಸೇವೆಯಲ್ಲಿರುವ ಗುರುಗಳೂ ಮುಂದಿನ ತಪಸ್ಸುಕಾಲದಲ್ಲಿ ಈ ಎರಡು ಪುಸ್ತಕಗಳನ್ನು ಕೈಗೆತ್ತಿಕೊಳ್ಳಲೆಂದು ನಮ್ಮ ವಿನಂತಿ. ಶುಭ ಶುಕ್ರವಾರದ ಪ್ರಬೋಧನೆಯನ್ನು ಬರೆಯುವುದಕ್ಕೆ ಮೊದಲು ‘ದ್ವೀಪ’ವನ್ನು ಓದಿ ಮುಗಿಸಿ, ನಮ್ಮ ಧರ್ಮಕೇಂದ್ರದ ಎಲ್ಲೆಯೊಳಗೆ ಯಾರ ಹೊಸ್ತಿಲಿಗೆ ನೀರು ಏರುತ್ತಿದೆಯೆಂದು ವಿಚಾರಿಸಿದರೆ, ಆ ದಿನ ಪೀಠದಿಂದ ಹೇಳಬೇಕಾದದ್ದು ಬಹುಮಟ್ಟಿಗೆ ತಾನಾಗಿಯೇ ತಿಳಿದೀತು.